ಮಣ್ಣಿನ ಅಂಗಳ

ಅಮೆರಿಕದ ಬಾಸ್ಟನ್ ನಗರದ ನಾರ್ತ್ ಎಂಡ್ ಎಂಬ ಬಡವರ ಪೇಟೆಯಲ್ಲಿ, 1885ರ ಬೇಸಿಗೆಯಲ್ಲಿ, ಒಂದು ಪ್ರಾರ್ಥನಾ ಮಂದಿರದ ಹಿತ್ತಿಲಿಗೆ ಉಸುಕು ತಂದು ಸುರಿದರು. ಮನೆ ಕಟ್ಟುವುದಕ್ಕಲ್ಲ, ಮಕ್ಕಳು ಆಡುವುದಕ್ಕೆ. ವಾರದಲ್ಲಿ ಮೂರು ದಿನದಂತೆ ಆರು ವಾರ, ಸರಾಸರಿ 15 ಮಕ್ಕಳು ಅಲ್ಲಿಗೆ ಬಂದು ಆಡಿದರೆಂದು ಲೆಕ್ಕ ಉಳಿದಿದೆ. ಇಂದಿನ ಕಣ್ಣಿಗೆ ಇದೇನು ಮಹಾ ಎನಿಸಬಹುದು. ಆದರೆ ಅಮೆರಿಕದ ಸಾರ್ವಜನಿಕ ಆಟದ ಬಯಲುಗಳ ಚರಿತ್ರೆಯನ್ನು ಬರೆಯುವವರು ಈ ಉಸುಕಿನ ಗುಡ್ಡೆಯಿಂದಲೇ ಶುರು ಮಾಡುತ್ತಾರೆ.

ಅದನ್ನು ಹಾಕಿಸಲು ಕಾರಣರಾದವರು ಡಾಕ್ಟರ್ ಮೇರಿ ಜಕ್ರ್‌ಜೆವ್‌ಸ್ಕಾ. ಹೆಸರು ನಮ್ಮ ನಾಲಿಗೆಗೆ ಹೊರಳುವುದು ಕಷ್ಟ, ಆದರೆ ನೆನಪಿಡಬೇಕಾದ ಹೆಂಗಸು. 1829ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಸೂಲಗಿತ್ತಿಯ ವಿದ್ಯೆ ಕಲಿತು, 1853ರಲ್ಲಿ ಅಮೆರಿಕಕ್ಕೆ ಹೋಗಿ ವೈದ್ಯಳಾದವಳು. ಹೆಂಗಸರು ಡಾಕ್ಟರಾಗುವುದನ್ನು ಕಂಡು ಜನ ನಗುತ್ತಿದ್ದ ಆ ಕಾಲದಲ್ಲಿ, 1862ರಲ್ಲಿ, ಬಾಸ್ಟನ್ನಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನೇ ಕಟ್ಟಿದರು. ತವರೂರು ಬರ್ಲಿನ್ನಿಗೆ ಹೋದಾಗ ಅಲ್ಲಿಯ ಉದ್ಯಾನಗಳಲ್ಲಿ ಮಕ್ಕಳಿಗಾಗಿ ಉಸುಕು ಗುಡ್ಡೆ ಹಾಕಿದ್ದನ್ನೂ, ಬಡವರ ಮಕ್ಕಳು, ಶ್ರೀಮಂತರ ಮಕ್ಕಳು ಒಂದೇ ಗುಡ್ಡೆಯಲ್ಲಿ ಕೈಯಾಡಿಸುತ್ತಿದ್ದುದನ್ನೂ ಕಂಡು ಬಾಸ್ಟನ್ನಿನ ಗೆಳತಿಯರಿಗೆ ಪತ್ರ ಬರೆದರು. ಆ ಹೆಂಗಸರು ಪತ್ರವನ್ನು ಓದಿ ಮಡಿಸಿಡಲಿಲ್ಲ, ಉಸುಕು ತರಿಸಿದರು. ಎರಡು ಮೂರು ವರ್ಷಗಳಲ್ಲಿ ಅಂಥ ಅಂಗಳಗಳು ಹತ್ತರಷ್ಟಾದವು. ಮಕ್ಕಳ ಮೇಲೆ ಕಣ್ಣಿಡಲು ಸಂಬಳ ಕೊಟ್ಟು ಹೆಂಗಸರನ್ನೇ ನೇಮಿಸಿದರು.

ಮಕ್ಕಳ ಆಟದ ಅಂಗಳದ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇದು. ರಾಜರ, ಯುದ್ಧಗಳ ಚರಿತ್ರೆಯಲ್ಲಿ ಹೆಂಗಸರನ್ನು ದೀಪ ಹಚ್ಚಿ ಹುಡುಕಬೇಕು. ಈ ಚರಿತ್ರೆಯಲ್ಲಿ ಹೆಜ್ಜೆ ಹೆಜ್ಜೆಗೂ ಅವರೇ ಎದುರಾಗುತ್ತಾರೆ.

ಬರ್ಲಿನ್ನಿನ ಉಸುಕಿನ ಹಿಂದೆ ಇದ್ದವನು ಒಬ್ಬ ಗಂಡಸು ಎಂಬುದನ್ನೂ ಹೇಳಿಬಿಡಬೇಕು. ಫ್ರೀಡ್ರಿಕ್ ಫ್ರೋಬೆಲ್ ಎಂಬ ಹೆಸರನ್ನು ಬಿ.ಎಡ್. ಪರೀಕ್ಷೆಗೆ ನಾವೆಲ್ಲ ಉರು ಹೊಡೆದವರೇ. 1782ರಲ್ಲಿ ಹುಟ್ಟಿದ ಈತ ಇನ್ನೂ ವರ್ಷ ತುಂಬದ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ. ಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತು ಗಿಡಮರಗಳ ನಡುವೆ ತಿರುಗಿದ. ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ 1837ರಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ. ಅಂದರೆ ಮಕ್ಕಳ ತೋಟ. ಇದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಮಡಿ, ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ದೊಡ್ಡ ಮಡಿ ಇತ್ತು. ಅವನ ಅಣ್ಣನ ಮಗನ ರಾಜಕೀಯ ವಿಚಾರಗಳನ್ನು ಇವನದೆಂದು ತಿಳಿದು ಪ್ರಷ್ಯಾದ ಸರಕಾರ 1851ರಲ್ಲಿ ಕಿಂಡರ್‌ಗಾರ್ಟನ್ನುಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ಹೋದದ್ದು 1860ರಲ್ಲಿ. ನಾಲ್ಕು ವರ್ಷದ ಕೂಸು ಮೂಲಂಗಿ ಬಿತ್ತಿದರೆ ರಾಜ್ಯ ಅಲುಗಾಡೀತೆಂದು ಹೆದರುವ ಸರಕಾರಗಳೂ ಇರುತ್ತವೆ!

ನಮ್ಮ ಊರುಗಳಲ್ಲಿ ಬೀದಿಗೊಂದರಂತೆ ಎಲ್‌ಕೆಜಿ, ಯುಕೆಜಿ ಇವೆ. ಆ ‘ಜಿ’ ಅಕ್ಷರವೇ ತೋಟ ಎಂಬುದು ಎಷ್ಟು ಜನ ತಾಯಂದಿರಿಗೆ ಗೊತ್ತು? ತೋಟ ಹೋಗಿ ಒಂದಕ್ಷರ ಉಳಿದಿದೆ.

ಆ ತೋಟವನ್ನು ನಿಜಕ್ಕೂ ಬಡವರ ಮಕ್ಕಳ ಪಾಲಿಗೆ ತಂದವರು ಲಂಡನ್ನಿನ ಡೆಪ್ಟ್‌ಫರ್ಡಿನ ಮ್ಯಾಕ್‌ಮಿಲನ್ ಸಹೋದರಿಯರು. ರೇಚಲ್ ಅಕ್ಕ, ಮಾರ್ಗರೆಟ್ ತಂಗಿ. ಕೊಳೆಗೇರಿಯ ಮಕ್ಕಳಿಗೆ ಕಣ್ಣು, ಹಲ್ಲು, ಚರ್ಮದ ರೋಗಗಳಿಗೆ ಚಿಕಿತ್ಸಾಲಯ ನಡೆಸುತ್ತಿದ್ದ ಇವರು ಒಂದು ಸತ್ಯ ಕಂಡುಕೊಂಡರು. ಮಗು ಗುಣವಾಗಿ ಮನೆಗೆ ಹೋಗುತ್ತದೆ, ಅದೇ ಕತ್ತಲೆ ಕೋಣೆಯಲ್ಲಿ ಮಲಗುತ್ತದೆ, ತಿಂಗಳೊಳಗೆ ಅದೇ ರೋಗ ಹೊತ್ತು ತಿರುಗಿ ಬರುತ್ತದೆ. ಔಷಧಕ್ಕಿಂತ ಗಾಳಿ ಬೆಳಕು ಬೇಕು ಎಂದು 1914ರಲ್ಲಿ ತೆರೆದ ಗಾಳಿಯ ಶಿಶುಶಾಲೆಯನ್ನು ಪ್ರಾರಂಭಿಸಿದರು. ಅಲ್ಲಿ ತೋಟವೇ ಮುಖ್ಯ, ಕಟ್ಟಡವೆಂದರೆ ಮಳೆಗೆ ಆಸರೆಯಾಗುವ ಮಾಡು. ತರಕಾರಿ, ಪರಿಮಳದ ಸೊಪ್ಪು, ಮರ, ಹತ್ತಲು ಕಲ್ಲು. ಇದರ ಜೊತೆಗೆ ಮಾರ್ಗರೆಟ್ ಇನ್ನೊಂದನ್ನು ಬೇಕೆಂದೇ ಇಡಿಸಿದರು: ಒಂದು ತಿಪ್ಪೆ. ಕಲ್ಲು, ಹಳೆಯ ಕಬ್ಬಿಣ, ಒಡಕು ಮಡಕೆ, ಡಬ್ಬಿ, ಇಂಥವುಗಳ ರಾಶಿ. ಮಕ್ಕಳು ಅಂದವಾದ ಹೂವಿನ ಪಾತಿಯನ್ನು ಬಿಟ್ಟು ಅಲ್ಲಿಗೇ ಓಡುತ್ತಾರೆಂಬುದು ಆಕೆಗೆ ತಿಳಿದಿತ್ತು. ಅಕ್ಕ ರೇಚಲ್ 1917ರಲ್ಲಿ ತೀರಿಕೊಂಡ ಮೇಲೂ ಮಾರ್ಗರೆಟ್ ಬಿಡಲಿಲ್ಲ. ಆ ಶಾಲೆಗೆ ಅಕ್ಕನ ಹೆಸರನ್ನೇ ಇಟ್ಟರು.

ತಿಪ್ಪೆಯ ಮಾತು ಇಲ್ಲಿಗೆ ನಿಲ್ಲಲಿಲ್ಲ. ಡೆನ್ಮಾರ್ಕಿನಲ್ಲಿ ಸೋರೆನ್‌ಸೆನ್ ಎಂಬ ಉದ್ಯಾನಶಿಲ್ಪಿಯೊಬ್ಬರಿದ್ದರು. ಊರಿಗೆ ಚೆಂದದ ಉದ್ಯಾನಗಳನ್ನು ಮಾಡಿಕೊಡುವುದೇ ಅವರ ಕಸುಬು. ಆದರೆ ಮಕ್ಕಳು ತಾವು ಮಾಡಿಕೊಟ್ಟ ಆಟದ ಜಾಗವನ್ನು ಬಿಟ್ಟು, ಕಟ್ಟಡ ಕಟ್ಟುವ ಸ್ಥಳಕ್ಕೆ ನುಗ್ಗಿ ಹಲಗೆ, ಇಟ್ಟಿಗೆ, ಮಣ್ಣಿನಲ್ಲಿ ಮೈಮರೆಯುವುದನ್ನು ಅವರು ಗಮನಿಸಿದರು. 1931ರಲ್ಲಿ ಬರೆದ ಪುಸ್ತಕದಲ್ಲಿ ಹಾಗಾದರೆ ಅಂಥದೇ ಜಾಗ ಏಕೆ ಕೊಡಬಾರದು ಎಂದು ಕೇಳಿದರು. ಕೇಳಿ ಹನ್ನೆರಡು ವರ್ಷವಾದ ಮೇಲೆ ಕಾಲ ಕೂಡಿಬಂತು. ಅದೂ ಎಂಥ ಕಾಲ! 1943ರ ಆಗಸ್ಟ್, ಜರ್ಮನ್ ಸೈನ್ಯ ದೇಶವನ್ನು ಹಿಡಿದುಕೊಂಡು ಕೂತಿದೆ. ಕೋಪನ್‌ಹೇಗನ್ನಿನ ಹೊರವಲಯದ ಎಮ್‌ಡ್ರುಪ್ ಎಂಬಲ್ಲಿ ಕೆಲಸಗಾರರ ವಸತಿಯ ಮಗ್ಗುಲಲ್ಲಿ ಮೊಟ್ಟಮೊದಲ ‘ಗುಜರಿ ಆಟದಂಗಳ’ ಶುರುವಾಯಿತು. ಸುತ್ತ ಎತ್ತರದ ಮಣ್ಣಿನ ಏರಿ, ಅದರ ಮೇಲೆ ಮುಳ್ಳುಗಿಡದ ಬೇಲಿ. ಒಳಗೆ ಜಾರುಬಂಡಿಯಿಲ್ಲ, ತೂಗುಯ್ಯಾಲೆಯಿಲ್ಲ. ಮಣ್ಣು, ಮರದ ತುಂಡು, ಹಲಗೆ, ಇಟ್ಟಿಗೆ, ಹಗ್ಗ, ಗುದ್ದಲಿ, ಸುತ್ತಿಗೆ. ಮಕ್ಕಳ ಜೊತೆಗಿರಲು ಜಾನ್ ಬೆರ್ಟೆಲ್‌ಸೆನ್ ಎಂಬವರನ್ನು ನೇಮಿಸಿದರು. ಅವರು ಮೊದಲು ಹಡಗಿನ ಕೆಲಸದಲ್ಲಿದ್ದು ಆಮೇಲೆ ಶಿಶುವಿಹಾರದ ಶಿಕ್ಷಕರಾಗಿ ತರಬೇತಿ ಪಡೆದವರು. ಮಕ್ಕಳು ಗುಹೆ ತೋಡಿದರು, ಗುಡಿಸಲು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ತಾನು ಮಾಡಿದವುಗಳಲ್ಲೆಲ್ಲ ನೋಡಲು ಕುರೂಪವಾದದ್ದು ಇದೇ, ಆದರೆ ತನಗೆ ಎಲ್ಲಕ್ಕಿಂತ ಚೆಲುವಾದದ್ದೂ ಇದೇ ಎಂಬರ್ಥದ ಮಾತನ್ನು ಸೋರೆನ್‌ಸೆನ್ ಮುಂದೆ ಹೇಳಿದರಂತೆ.

1946ರಲ್ಲಿ ನಾರ್ವೆ ಪ್ರವಾಸದ ನಡುವೆ ಇಂಗ್ಲೆಂಡಿನ ಒಬ್ಬ ಹೆಂಗಸು ಇದನ್ನು ಕಂಡರು. ಲೇಡಿ ಅಲೆನ್. ಹುಟ್ಟುಹೆಸರು ಮಾರ್ಜರಿ ಗಿಲ್, ಹುಟ್ಟಿದ್ದು 1897ರಲ್ಲಿ. ಕೈಗೆ ಮಣ್ಣು ಮೆತ್ತಿಕೊಂಡೇ ತೋಟಗಾರಿಕೆ ಕಲಿತು ಉದ್ಯಾನಶಿಲ್ಪಿಯಾದವರು. ಆಗ ಲಂಡನ್ನಿನ ತುಂಬ ಬಾಂಬು ಬಿದ್ದ ಹಾಳು ಜಾಗಗಳು. ಮಕ್ಕಳು ಹೇಗೂ ಅಲ್ಲಿ ಕದ್ದು ಆಡುತ್ತಿದ್ದರು, ಪೊಲೀಸರು ಓಡಿಸುತ್ತಿದ್ದರು. ಅದೇ ವರ್ಷ ‘ಪಿಕ್ಚರ್ ಪೋಸ್ಟ್’ ಎಂಬ ವಾರಪತ್ರಿಕೆಯಲ್ಲಿ ಚಿತ್ರಗಳ ಸಮೇತ ಲೇಖನ ಬರೆದು, ಈ ಹಾಳು ಜಾಗಗಳನ್ನು ಮಕ್ಕಳಿಗೆ ಕೊಡಿ ಎಂದರು. 1948ರಲ್ಲಿ ಕ್ಯಾಂಬರ್‌ವೆಲ್ ಎಂಬಲ್ಲಿ ಬಾಂಬಿಗೆ ಬಿದ್ದ ಚರ್ಚಿನ ಜಾಗದಲ್ಲಿ ಅಂಥದೊಂದು ಅಂಗಳ ತೆರೆಯಿತು. ಗುಜರಿ ಎಂಬ ಮಾತು ಜನರಿಗೆ ರುಚಿಸದೆ ‘ಸಾಹಸದ ಆಟದಂಗಳ’ ಎಂಬ ಹೆಸರು ಬಂತು. ಮೈಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಮಗುವಿನ ಉತ್ಸಾಹ ಮುರಿದರೆ ಕೂಡಿಸುವುದು ಕಷ್ಟ ಎಂಬುದು ಆಕೆಯ ವಾದದ ತಿರುಳು. ಹಾಗೆಂದು ಆಕೆ ಹುಂಬಳಲ್ಲ. ಪ್ರತಿ ಅಂಗಳಕ್ಕೂ ತಿಳಿವಳಿಕೆಯುಳ್ಳ ಹಿರಿಯರೊಬ್ಬರು ಇರಲೇಬೇಕೆಂಬ ಷರತ್ತು ಹಾಕುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಸುಮ್ಮನೆ ಕೂಡದೆ, 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಅಂಗವಿಕಲ ಮಕ್ಕಳಿಗಾಗಿ ಇಂಥದೇ ಅಂಗಳ ಮಾಡಿಸಿದರು. ಬೀಳುವ ಹಕ್ಕು ಆ ಮಕ್ಕಳಿಗೂ ಇದೆ ಎಂದು ಯೋಚಿಸಿದ ಆ ಮುದುಕಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಇದೆಲ್ಲ ನಡೆಯುವ ಹೊತ್ತಿಗೇ ಇನ್ನೊಂದು ಕಡೆ ಕಬ್ಬಿಣ ಮತ್ತು ಡಾಂಬರು ಗೆಲ್ಲುತ್ತಿದ್ದವು. ಬಾಸ್ಟನ್ನಿನ ಉಸುಕಿನ ನಂತರ ಅಮೆರಿಕದ ನಗರಗಳಲ್ಲಿ ಎತ್ತರೆತ್ತರದ ಕಬ್ಬಿಣದ ಏಣಿ, ಜಾರುಬಂಡಿ, ತೂಗುಯ್ಯಾಲೆ ಎದ್ದವು. ಕೆಳಗೆ ಡಾಂಬರು, ಏಕೆಂದರೆ ಅದನ್ನು ಗುಡಿಸುವುದು ಸುಲಭ. ಅದೇ ಮಾದರಿ ನಮ್ಮ ಊರುಗಳ ಮುನಿಸಿಪಾಲಿಟಿ ಉದ್ಯಾನಕ್ಕೂ, ಅಲ್ಲಿಂದ ಶಾಲೆಗೂ ಬಂತು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಅಂಥ ಜಾರುಬಂಡಿ ಇತ್ತು. ಕೆಳಗೆ ಸಿಮೆಂಟಿನ ನೆಲ. ಯುಕೆಜಿ ಓದುವ ಹುಡುಗಿಯೊಬ್ಬಳು ಮೇಲಿನ ಮೆಟ್ಟಿಲಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಕೈ ಪೂರ್ತಿ ನೀಳವಾಗಲಿಲ್ಲ. ಆಡಳಿತದವರು ಸಭೆ ಸೇರಿದರು. ಜಾರುಬಂಡಿಯನ್ನು ಕಿತ್ತು ಗುಜರಿಗೆ ಹಾಕಿದರು. ಮಗುವೊಂದು ಮುಂದೆ ಹತ್ತಿ ಬಿದ್ದೀತು ಎಂಬ ಭಯಕ್ಕೆ, ಕಂಬಳಿಹುಳ ಬೀಳುತ್ತದೆ ಎಂಬ ನೆವವನ್ನೂ ಸೇರಿಸಿ, ಮೂಲೆಯಲ್ಲಿದ್ದ ಬೇವಿನ ಮರವನ್ನು ಕಡಿಸಿದರು. ಸಿಮೆಂಟು ಮಾತ್ರ ಹಾಗೇ ಉಳಿಯಿತು. ಆ ಹುಡುಗಿಯ ಅಜ್ಜಿ ಒಂದು ದಿನ ಬಂದು ನನ್ನನ್ನು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಕ್ಕೋರ, ಹುಡುಗಿ ಬಿದ್ದದ್ದಕ್ಕ ನನಗ ಸಿಟ್ಟಿಲ್ಲರಿ. ಹುಡುಗ್ರು ಅಂದಮ್ಯಾಲ ಬೀಳ್ತಾವು. ಆದ್ರ ಬೀಳೋ ಜಾಗಾ ಹಿಂಗ ಕಲ್ಲಿನಂಗ ಯಾಕ ಮಾಡಿಟ್ಟೀರಿ?”

ಸುರಕ್ಷೆಯ ಬಗ್ಗೆ ಆಮೇಲೆ ನಾನು ಎಷ್ಟು ಓದಿದರೂ ಆ ಅಜ್ಜಿಯ ಪ್ರಶ್ನೆಯನ್ನು ದಾಟಿ ಮುಂದೆ ಹೋಗಿಲ್ಲ. ಐದು ಅಡಿ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ನಾನು ಕಲಾ ವಿಭಾಗದವಳು, ಲೆಕ್ಕ ಮಾಡಿಕೊಟ್ಟವರು ನಮ್ಮ ವಿಜ್ಞಾನದ ಮಾಸ್ತರರು. ಅಷ್ಟು ವೇಗ ಸಿಮೆಂಟಿನ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ನಿಂತುಬಿಡಬೇಕು, ಪೆಟ್ಟೆಲ್ಲ ಮೂಳೆಗೇ. ಸಡಿಲ ಉಸುಕಿನಲ್ಲಾದರೆ ಎರಡು ಮೂರು ಇಂಚು ಹುಗಿದು ನಿಧಾನವಾಗಿ ನಿಲ್ಲುತ್ತದೆ. ಅಮೆರಿಕದ ಸರಕಾರ 1981ರಿಂದ ಆಟದಂಗಳದ ಸುರಕ್ಷೆಗೆ ಕೈಪಿಡಿ ಹೊರಡಿಸುತ್ತ ಬಂದಿದೆ. ಅದರ ಪ್ರಕಾರ 9 ಇಂಚು ದಪ್ಪದ ಉಸುಕು ನಾಲ್ಕು ಅಡಿ ಎತ್ತರದ ಬೀಳುವಿಕೆಗೆ ಸಾಕು. ಅಷ್ಟೇ ದಪ್ಪದ ಮರದ ಚಕ್ಕೆಯಾದರೆ ಅದಕ್ಕಿಂತ ಎಷ್ಟೋ ಹೆಚ್ಚಿನ ಎತ್ತರವನ್ನು ತಡೆಯುತ್ತದೆ. ಅದರಲ್ಲೇ ಇನ್ನೊಂದು ಮಾತಿದೆ. ಕಟಾಂಜನದ ಸರಳುಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಕಿರಿದಾಗಿರಬೇಕು, ಇಲ್ಲವೇ 9 ಇಂಚಿಗಿಂತ ಅಗಲವಾಗಿರಬೇಕು. ನಡುವಿನ ಅಳತೆ ಅಪಾಯ, ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಮನೆಯ ಮಾಳಿಗೆಯ ಕಟಾಂಜನಕ್ಕೂ ಇದೇ ಅಳತೆ ಹಿಡಿದು ನೋಡುವುದು ಒಳ್ಳೆಯದು.

ಕಾಣುವ ಅಪಾಯ ಬೇರೆ, ಕಾಣದ ಅಪಾಯ ಬೇರೆ. ಎತ್ತರದ ಕೊಂಬೆಯನ್ನು ಮಗು ನೋಡುತ್ತದೆ, ಅಳೆಯುತ್ತದೆ, ಹತ್ತುವುದೋ ಬಿಡುವುದೋ ತಾನೇ ತೀರ್ಮಾನಿಸುತ್ತದೆ. ಕೊಂಬೆಯ ಒಳಗಿನ ಗೆದ್ದಲು ಅದಕ್ಕೆ ಕಾಣುವುದಿಲ್ಲ. ಗೆದ್ದಲನ್ನು ನೋಡುವುದು ನಮ್ಮ ಕೆಲಸ, ಕೊಂಬೆಯನ್ನು ಮಗುವಿಗೆ ಬಿಡಬೇಕು. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಎಂಬ ಸಂಶೋಧಕಿ 2007ರಲ್ಲಿ, ಮಕ್ಕಳು ಬಯಸುವ ಅಪಾಯದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ನೀರು ಬೆಂಕಿಯಂಥವುಗಳ ಸಮೀಪ, ಕುಸ್ತಿ ಕಾದಾಟ, ಕಣ್ಮರೆಯಾಗುವುದು. ಓದಿ ನನಗೆ ನಗು ಬಂತು. ಮರಕೋತಿ, ಪಂಚಮಿಯ ಜೋಕಾಲಿ, ಚಿನ್ನಿದಾಂಡು, ಹಳ್ಳದ ನೀರು, ಕುಸ್ತಿ, ಕಣ್ಣಾಮುಚ್ಚಾಲೆ. ಬೆಂಕಿಯೊಂದನ್ನು ಬಿಟ್ಟು ನಮ್ಮ ಅವ್ವಂದಿರು ಎಲ್ಲಕ್ಕೂ ನಮ್ಮನ್ನು ಬಿಟ್ಟಿದ್ದರು. ನಾಗರ ಪಂಚಮಿಗೆ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಮುಗಿಲಿಗೆ ಜೀಕುತ್ತಿದ್ದವರು ಮದುವೆಯಾಗಿ ತವರಿಗೆ ಬಂದ ಹೆಣ್ಣುಮಕ್ಕಳೇ ಅಲ್ಲವೇ!

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ನನಗೆ ಅತ್ಯಂತ ಹತ್ತಿರದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ತಾರಾಬಾಯಿ ಅಲ್ಲಿಗೆ ಹೋಗಿ ಅವರೊಡನೆ ದುಡಿದವರು. 1945ರಲ್ಲಿ, 53ನೆಯ ವಯಸ್ಸಿನಲ್ಲಿ, ಮುಂಬಯಿಯ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಹೊಸದಾಗಿ ಶುರು ಮಾಡಿದರು. ಜೊತೆಗೆ ಬಂದವರು ಅನುತಾಯಿ, ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಓದಿ ಶಿಕ್ಷಕಿಯಾದವರು. ಬಾಲವಾಡಿ ತೆರೆದರೆ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಬೇಕಲ್ಲವೇ? ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ‘ಅಂಗನವಾಡಿ’ ಎಂಬ ಹೆಸರು ಹುಟ್ಟಿದ್ದು ಹೀಗೆ. ಮಾಂಟೆಸೊರಿ ಪದ್ಧತಿಯ ದುಬಾರಿ ಸಾಮಾನುಗಳ ಬದಲು ಕಪ್ಪೆಚಿಪ್ಪು, ಬೀಜ, ಕಲ್ಲು, ಎಲೆಗಳಿಂದ ಎಣಿಕೆ, ಬಣ್ಣ, ಆಕಾರ ಕಲಿಸಿದರು. 1957ರಲ್ಲಿ ಸಮೀಪದ ಕೋಸಬಾಡ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆಸಿದರು. ಅಲ್ಲಿಯ ಮಕ್ಕಳು ದನ ಕಾಯಲು ಹೋಗುತ್ತಿದ್ದರು, ಆದ್ದರಿಂದ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು. ಕೇಂದ್ರ ಸರಕಾರ 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭಿಸಿದಾಗ ಅದರ ಕೇಂದ್ರಗಳಿಗೆ ಇಟ್ಟದ್ದು ಅಂಗನವಾಡಿ ಎಂಬ ಹೆಸರನ್ನೇ. ತಾರಾಬಾಯಿ ಅದನ್ನು ನೋಡಲು ಇರಲಿಲ್ಲ, 1973ರಲ್ಲಿ ತೀರಿಹೋಗಿದ್ದರು. ಇಂದು ಎಷ್ಟೋ ಅಂಗನವಾಡಿಗಳಿಗೆ ನಾಲ್ಕು ಗೋಡೆ ಇದೆ, ಅಂಗಳವಿಲ್ಲ. ನಮ್ಮ ನಾಡಿನಲ್ಲೂ ಶಿವರಾಮ ಕಾರಂತರು ಪುತ್ತೂರಿನ ಗುಡ್ಡದ ಮೇಲೆ ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಕೈಹಾಕಿ ಆ ಜಾಗಕ್ಕೆ ಬಾಲವನ ಎಂದು ಹೆಸರಿಟ್ಟಿದ್ದರು. ಭವನವಲ್ಲ, ವನ.

ಮಣ್ಣು ಎಂದರೆ ರೋಗ ಎಂದು ಹೆದರುವವರಿಗೆ ಫಿನ್‌ಲೆಂಡಿನ ಸುದ್ದಿ ಹೇಳಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಲ್ಲಿ ಹಾಸಿದ ಶಿಶುವಿಹಾರದ ಅಂಗಳಗಳಿಗೆ ಕಾಡಿನ ಮೇಲ್ಮಣ್ಣನ್ನೂ ಹುಲ್ಲಿನ ಹೆಪ್ಪನ್ನೂ ತಂದು ಹಾಸಿದರು. ಮೂರರಿಂದ ಐದು ವರ್ಷದ 75 ಮಕ್ಕಳನ್ನು 28 ದಿನ ಗಮನಿಸಿದರು. ಕಾಡುಮಣ್ಣಿನಲ್ಲಿ ಆಡಿದ ಮಕ್ಕಳ ಚರ್ಮದ ಮೇಲೆ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಹದಗೊಳ್ಳುತ್ತಿರುವ ಗುರುತುಗಳು ಕಂಡವು. ಇದು ಚಿಕ್ಕ ಅಧ್ಯಯನ, ಇದರಿಂದ ಜ್ವರವೇ ಬರುವುದಿಲ್ಲ ಎನ್ನಲಾಗದು. ಮೇಲಾಗಿ ಅದು ಕಾಡಿನ ಮಣ್ಣು, ಚರಂಡಿ ಪಕ್ಕದ ಮಣ್ಣಲ್ಲ. ಆಡಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಯಾವ ಅಧ್ಯಯನವೂ ಬೇಡವೆಂದಿಲ್ಲ.

ನಾನೀಗ ಇರುವ ಶಾಲೆಯಲ್ಲಿ ಚಿಕ್ಕ ಮಕ್ಕಳ ಅಂಗಳಕ್ಕೆ ಫರಸಿ ಹಾಕಿಸುವ ಮಾತು ಬಂದಾಗ ನಾನೂ ಇನ್ನಿಬ್ಬರು ಶಿಕ್ಷಕಿಯರೂ ತಡೆದೆವು. ಹಣ ಕೇಳದೆ ಮಣ್ಣು ಕೇಳಿದೆವು. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಟ್ರ್ಯಾಕ್ಟರಿನಲ್ಲಿ ತಂದು ಹಾಕಿದ. ಅದನ್ನು ನಾಲ್ಕು ಅಡಿಯ ದಿಬ್ಬ ಮಾಡಿ, ಗರಿಕೆ ಹಬ್ಬಿಸಿ, ಜಾರುಬಂಡಿಯ ತಗಡನ್ನು ಅದರ ಇಳುಕಲಿಗೇ ಒರಗಿಸಿ ಕೂಡಿಸಿದೆವು. ಮಗು ದಿಬ್ಬ ಹತ್ತಿ ಜಾರುತ್ತದೆ, ಪಕ್ಕಕ್ಕೆ ಉರುಳಿದರೂ ಬೀಳುವುದು ಒಂದು ಗೇಣು ಕೆಳಗಿನ ಹುಲ್ಲಿಗೆ. ತಗಡು ಉತ್ತರ ದಿಕ್ಕಿಗೆ ಮುಖ ಮಾಡಿ, ಮರದ ನೆರಳಿನಲ್ಲಿರಬೇಕು. ಇಲ್ಲವಾದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತೊಡೆ ಸುಟ್ಟುಕೊಳ್ಳುತ್ತವೆ. ಉಸುಕಿನ ಹೊಂಡಕ್ಕೆ ಹೊಳೆಯ ಉಸುಕೇ ಆಗಬೇಕು. ಯಂತ್ರದಲ್ಲಿ ಪುಡಿ ಮಾಡಿದ ಎಂ-ಸ್ಯಾಂಡ್ ಚೂಪು, ಅದರ ಧೂಳು ಮಳೆಗೆ ಗಟ್ಟಿ ಕೂಡುತ್ತದೆ. ರಾತ್ರಿ ತಾಡಪತ್ರಿ ಹೊದಿಸದಿದ್ದರೆ ಓಣಿಯ ಬೆಕ್ಕುಗಳಿಗೆ ಅದೇ ಪಾಯಿಖಾನೆ. ಬಿದ್ದ ಬೇವಿನ ಮರದ ದಿಮ್ಮಿಗಳನ್ನು ತೊಗಟೆ ಸುಲಿದು, ಸಿಬಿರು ಕೆತ್ತಿ, ಅರ್ಧ ಹೂತು ಇಟ್ಟಿದ್ದೇವೆ. ಟೈರುಗಳಿಗೆ ತೂತು ಕೊರೆಸಿದ್ದೇವೆ, ನೀರು ನಿಂತರೆ ಡೆಂಗಿಯ ಸೊಳ್ಳೆ. ನೀರಾಟಕ್ಕೆ ಬಕೀಟು ಇಡುತ್ತೇವೆ, ಆಟ ಮುಗಿದ ಕೂಡಲೇ ಚೆಲ್ಲಿ ಬೋರಲು ಹಾಕುತ್ತೇವೆ. ಎರಡಿಂಚು ನೀರೂ ಎಳೆಯ ಕೂಸಿಗೆ ಸಾಕು, ಈ ವಿಷಯದಲ್ಲಿ ಸಲಿಗೆ ಇಲ್ಲ.

ಗಿಡಗಳ ವಿಚಾರಕ್ಕೆ ಊರಿನ ಹಿರಿಯ ಹೆಂಗಸರಷ್ಟು ತಿಳಿದವರಿಲ್ಲ. ಕಣಗಿಲೆ, ಉಮ್ಮತ್ತಿ, ಗುಲಗಂಜಿ, ಔಡಲ, ಕಳ್ಳಿ ಇವು ಮಕ್ಕಳ ಅಂಗಳದಲ್ಲಿ ಬೇಡ. ಬೇಲಿಗೆ ಹಾಕುವ ಕಾಡುಹರಳಿನ ಬೀಜ ಶೇಂಗಾದಂತೆ ರುಚಿಯಾಗಿರುವುದರಿಂದ ಅದೇ ಹೆಚ್ಚು ಅಪಾಯ, ತಿಂದು ವಾಂತಿ ಮಾಡಿಕೊಂಡ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನುಗ್ಗೆ ಮರ ಹತ್ತಬಾರದೆಂದು ನಮ್ಮವ್ವ ಹೇಳುತ್ತಿದ್ದಳು, ಪಟ್ಟನೆ ಮುರಿಯುತ್ತದೆ. ನೇರಳೆಯೂ ನಂಬಿಗಸ್ತನಲ್ಲ. ಪೇರಲ ಬಾಗುತ್ತದೆ, ಮುರಿಯುವುದಿಲ್ಲ, ಮೇಲಾಗಿ ಕೈಗೆಟಕುವ ಎತ್ತರದಲ್ಲೇ ಕವಲೊಡೆಯುತ್ತದೆ. ಆದ್ದರಿಂದ ಮೂರು ಪೇರಲ ಸಸಿ ನೆಟ್ಟಿದ್ದೇವೆ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸುತ್ತೇವೆ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಆಯಾ ಒಂದು ಉದ್ದ ಕೋಲು ಹಿಡಿದು ದಿಮ್ಮಿಗಳ ಸಂದಿಯನ್ನೆಲ್ಲ ಬಡಿದು ಬರುತ್ತಾಳೆ. ಚೇಳು ಎರಡು ಸಲ ಸಿಕ್ಕಿವೆ, ಹಾವು ಈವರೆಗೆ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ತಾಯಂದಿರಿಂದ ಬಂದ ತಕರಾರು ಗಾಯದ್ದಲ್ಲ, ಯೂನಿಫಾರ್ಮಿನದು. ಕೆಮ್ಮಣ್ಣಿನ ಕಲೆ ಬಿಳಿ ಅಂಗಿಯಿಂದ ಹೋಗುವುದಿಲ್ಲ. ಒಗೆಯುವವರು ಅವರೇ ಆದ್ದರಿಂದ ತಕರಾರು ನ್ಯಾಯವಾದದ್ದೇ. ಶನಿವಾರ ಹಳೆಯ ಅಂಗಿ ಹಾಕಿ ಕಳಿಸಿ ಎಂದು ಚೀಟಿ ಬರೆದೆವು. ಮೊದಲ ಶನಿವಾರ ಅರ್ಧ ಮಕ್ಕಳು ಹೊಸ ಫ್ರಾಕು ಹಾಕಿಕೊಂಡೇ ಬಂದರು. ಈಗ ಮೂರನೆಯ ತಿಂಗಳು, ಅಣ್ಣಂದಿರ ಹರಕು ಚಡ್ಡಿಗಳು ಬರುತ್ತಿವೆ. ಮಂಗಳವಾರವೂ ಬೇಕೆಂದು ಮಕ್ಕಳು ಕೇಳುತ್ತಿದ್ದಾರೆ. ಅದಕ್ಕೆ ಮೊದಲು ಉಸುಕು ತರಿಸಬೇಕು, ಕಾಲಿಗೆ ಅಂಟಿ ಅಂಟಿ ಮನೆಮನೆಗೆ ಹೋಗಿ ಹೊಂಡದಲ್ಲಿ ಈಗ ಆರೇ ಇಂಚು ಉಳಿದಿದೆ.